ಓದು ತಿದ್ದಿದ ಮೇಲೆ ಏನಾಗಬೇಕು? ಶಾಸನದ ಡೇಟಾ ಪೈಪ್‌ಲೈನಿಗೆ ಉಪಕರಣ ಆರಿಸುವ ಬಗ್ಗೆ

ಹೋದ ವರ್ಷ ನಮ್ಮ ಗುಂಪಿನ ಹಿರಿಯರೊಬ್ಬರು ಒಂದು ವೀರಗಲ್ಲಿನ ಕಾಲವನ್ನು ತಿದ್ದಿದರು. ಹಳೆಯ ಮುದ್ರಿತ ಪಾಠದಲ್ಲಿ ಶಕವರ್ಷ ೧೦೬೩ ಎಂದಿತ್ತು. ರಾತ್ರಿ ಹೊತ್ತು ಟಾರ್ಚನ್ನು ಕಲ್ಲಿನ ಪಕ್ಕಕ್ಕೆ ಹಿಡಿದು ಓರೆ ಬೆಳಕಿನಲ್ಲಿ ನೋಡಿದಾಗ, ಹತ್ತರ ಸ್ಥಾನದಲ್ಲಿರೋದು ೬ ಅಲ್ಲ, ೯ ಅಂತ ಕಂಡಿತು. ಸಂವತ್ಸರದ ಹೆಸರು ಖರ ಎಂದು ಮೊದಲಿಂದಲೂ ಸ್ಪಷ್ಟವಾಗಿಯೇ ಇತ್ತು. ಶಕ 1063ಕ್ಕೆ ಬರುವುದು ದುರ್ಮತಿ, 1093ಕ್ಕೆ ಖರ. ಅಲ್ಲಿಗೆ ಅನುಮಾನ ಮುಗೀತು. ಕ್ರಿ.ಶ. 1141 ಹೋಗಿ 1171 ಬಂತು. ವಿಷ್ಣುವರ್ಧನನ ಕಾಲದವನು ಅಂದುಕೊಂಡಿದ್ದ ವೀರ ನರಸಿಂಹನ ಕಾಲದವನಾದ. ನಾವೆಲ್ಲ ಖುಷಿಪಟ್ಟೆವು. ಪಾಠದ ಫೈಲಿನಲ್ಲಿ ತಿದ್ದಿ ಉಳಿಸಿದೆವು.

ಮೂರು ತಿಂಗಳ ನಂತರ ಅದೇ ಊರಿಗೆ ಹೋದರೆ, ಕಲ್ಲಿನ ಪಕ್ಕ ಹೊಸ ಫಲಕ. ಊರಿನ ಹುಡುಗರು ಚಂದಾ ಎತ್ತಿ ಹಾಕಿಸಿದ್ದು. ಅಚ್ಚುಕಟ್ಟಾದ ಅಕ್ಷರದಲ್ಲಿ ‘ಕ್ರಿ.ಶ. 1141’. ಎಲ್ಲಿಂದ ತಗೊಂಡ್ರಿ ಅಂತ ಕೇಳಿದ್ದಕ್ಕೆ ಒಬ್ಬ ಹುಡುಗ ಮೊಬೈಲ್ ತೆಗೆದು ತೋರಿಸಿದ. ನಮ್ಮದೇ ನಕ್ಷೆ. ಪಾಠದಲ್ಲಿ ತಿದ್ದಿದ್ದು ನಿಜ. ಆದರೆ ಪಾಠದಿಂದ ಕಾಲದ ಪಟ್ಟಿ ಮಾಡುವ ಸ್ಕ್ರಿಪ್ಟು ಬೇರೆ, ಪಟ್ಟಿಯಿಂದ ನಕ್ಷೆ ಮಾಡುವ ಸ್ಕ್ರಿಪ್ಟು ಬೇರೆ. ಎರಡನ್ನೂ ನೆನಪಿಟ್ಟುಕೊಂಡು ಓಡಿಸಬೇಕಾದವನು ನಾನು, ಓಡಿಸಿರಲಿಲ್ಲ.

ಈ ಲೇಖನ ಹುಟ್ಟಿದ್ದು ಆ ಫಲಕದ ಮುಂದೆ. ಇಂಥ ಕೆಲಸಗಳನ್ನು ಸರಣಿಯಾಗಿ ಓಡಿಸೋದಕ್ಕೆಂದೇ ಇರುವ ಉಪಕರಣಗಳಿವೆ. ತಂತ್ರಾಂಶದವರು ಅವನ್ನು ವರ್ಕ್‌ಫ್ಲೋ ಆರ್ಕೆಸ್ಟ್ರೇಟರ್ ಅಂತಾರೆ. ಏರ್‌ಫ್ಲೋ, ಪ್ರಿಫೆಕ್ಟ್, ಡ್ಯಾಗ್‌ಸ್ಟರ್, ಲುಯಿಜಿ, ಸ್ನೇಕ್‌ಮೇಕ್, ನೆಕ್ಸ್ಟ್‌ಫ್ಲೋ, ಹೀಗೆ ಹೆಸರುಗಳ ಸಂತೆಯೇ ಇದೆ. ಶಾಸನದ ಲೇಖನ ಓದೋಕೆ ಬಂದವರಿಗೆ ಇದೇನಪ್ಪಾ ಅನ್ನಿಸಬಹುದು. ಆದರೆ ಈಗ ನಮ್ಮಲ್ಲಿ ಅನೇಕರು ತಮ್ಮ ತಾಲ್ಲೂಕಿನ ಶಾಸನಗಳನ್ನು ಗಣಕಕ್ಕೆ ಏರಿಸುತ್ತಿದ್ದಾರೆ. ಬಿ.ಎಲ್. ರೈಸ್ 1886ರಲ್ಲಿ ಕೊಡಗಿನ ಸಂಪುಟದಿಂದ ಆರಂಭಿಸಿದ ಎಪಿಗ್ರಾಫಿಯಾ ಕರ್ನಾಟಿಕದ ಪುಟಗಳನ್ನು ಒಬ್ಬರು ಸ್ಕ್ಯಾನ್ ಮಾಡ್ತಾರೆ, ಇನ್ನೊಬ್ಬರು ಕಲ್ಲಿನ ಸುತ್ತ ತಿರುಗಿ ಫೋಟೋ ತೆಗೀತಾರೆ. ಬೆಂಗಳೂರಿನಲ್ಲಿ ಮಿಥಿಕ್ ಸೊಸೈಟಿಯ ಯೋಜನೆ ಶಾಸನಗಳನ್ನು ಮೂರು ಆಯಾಮದಲ್ಲಿ ಸ್ಕ್ಯಾನ್ ಮಾಡಿ ಕಾಪಿಡುವ ದಾರಿ ತೋರಿಸಿದ ಮೇಲೆ ಈ ಹುರುಪು ಇನ್ನೂ ಹೆಚ್ಚಿದೆ. ಸಂಗ್ರಹ ನೂರು ದಾಟಿದ ಮೇಲೆ, ತಿದ್ದಿದ ಓದು ಕೊನೆಯ ತನಕ ತಲುಪಿತೋ ಇಲ್ಲವೋ ಅನ್ನೋದನ್ನ ತಲೆಯಲ್ಲಿ ಇಟ್ಟುಕೊಳ್ಳೋಕೆ ಆಗಲ್ಲ.

ನಮ್ಮ ಸರಣಿ ಹೀಗಿದೆ. ಮುದ್ರಿತ ಪುಟದ ಚಿತ್ರದಿಂದ ಟೆಸರಾಕ್ಟ್ ಅಕ್ಷರ ಗುರುತಿಸುತ್ತದೆ. ಹಿಂದೆ ಯಾರೋ ನುಡಿಯ ಹಳೆಯ ಫಾಂಟಿನಲ್ಲಿ ಟೈಪು ಮಾಡಿಟ್ಟ ಪಾಠವಿದ್ದರೆ ಅದನ್ನು ಯೂನಿಕೋಡಿಗೆ ತಿರುಗಿಸಬೇಕು. ಇಲ್ಲಿ ಱ ಮತ್ತು ೞ ಕಳೆದುಹೋಗದಂತೆ ಕಣ್ಣಿಡಬೇಕು, ಏಕೆಂದರೆ ಹಳಗನ್ನಡ ಪಾಠದಲ್ಲಿ ಕಾಲ ಹೇಳುವ ಸಾಕ್ಷಿಗಳಲ್ಲಿ ಅವೂ ಸೇರಿವೆ. ಆಮೇಲೆ ಮನುಷ್ಯರು ಕೂತು ಪಡಿಯಚ್ಚು ಅಥವಾ ಫೋಟೋ ನೋಡಿ ಪಾಠ ತಿದ್ದುತ್ತಾರೆ. ತಿದ್ದಿದ ಪಾಠದಿಂದ ಶಕವರ್ಷ, ಸಂವತ್ಸರ, ಮಾಸ, ತಿಥಿ ಹೆಕ್ಕಿ ಕ್ರಿಸ್ತಶಕಕ್ಕೆ ತಿರುಗಿಸುವುದು ಒಂದು ಹಂತ. ಊರಿನ ಹೆಸರಿಗೆ ಅಕ್ಷಾಂಶ ರೇಖಾಂಶ ಹುಡುಕುವುದು ಇನ್ನೊಂದು. ಎಲ್ಲವನ್ನೂ ಸೇರಿಸಿ ಎಪಿಡಾಕ್ ಕ್ರಮದ ಎಕ್ಸ್‌ಎಂಎಲ್ ಫೈಲು ಮಾಡುತ್ತೇವೆ. ತ್ರುಟಿತ ಅಕ್ಷರ, ಊಹಿಸಿದ ಅಕ್ಷರ, ಸಾಲಿನ ಒಡಕು ಇವನ್ನೆಲ್ಲ ಗುರುತಿಸಲು ಶಾಸನತಜ್ಞರು ಒಪ್ಪಿಕೊಂಡಿರುವ ವಿಧಾನ ಅದು. ಅದರಿಂದ ನಕ್ಷೆ, ಹುಡುಕು ಪಟ್ಟಿ, ಪಿಡಿಎಫ್. ಇದರ ಪಕ್ಕದಲ್ಲೇ ಇನ್ನೊಂದು ಸಾಲು: ಒಂದು ಕಲ್ಲಿನ ನೂರಿನ್ನೂರು ಫೋಟೋಗಳಿಂದ ಮೂರು ಆಯಾಮದ ಮಾದರಿ ಕಟ್ಟಿ, ಅದರ ಮೇಲೆ ಓರೆ ಬೆಳಕು ಬೀಳಿಸಿದ ಚಿತ್ರ ತೆಗೆಯುವುದು. ನಮ್ಮ ಹಳೆಯ ಗಣಕದಲ್ಲಿ ಒಂದು ಕಲ್ಲಿಗೆ ಗಂಟೆಗಟ್ಟಲೆ ಹಿಡಿಯುತ್ತೆ.

ಎಲ್ಲವನ್ನೂ ಒಂದೇ ದೊಡ್ಡ ಸ್ಕ್ರಿಪ್ಟಿನಲ್ಲಿ ಬರೆದು ಪ್ರತಿಸಲ ಮೊದಲಿಂದ ಓಡಿಸಿದರಾಯ್ತಲ್ಲ? ಮೂವತ್ತು ಶಾಸನಗಳಿದ್ದಾಗ ನಾವೂ ಹಾಗೇ ಮಾಡ್ತಿದ್ವಿ. ನಾಲ್ಕುನೂರಾದಾಗ, ಒಂದು ಕಲ್ಲಿನ ಒಂದು ಅಂಕಿ ತಿದ್ದಿದ್ದಕ್ಕೆ ನಾಲ್ಕುನೂರು ಮಾದರಿಗಳನ್ನು ಮತ್ತೆ ಕಟ್ಟಲು ಸಾಧ್ಯವಿಲ್ಲ. ಹಾಗಾಗಿ ಹಂತಗಳನ್ನು ಬಿಡಿಬಿಡಿಯಾಗಿ ಒಡೆದೆವು. ಒಡೆದ ಕೂಡಲೇ ಯಾವುದನ್ನು ಯಾವಾಗ ಓಡಿಸಬೇಕು ಅನ್ನೋ ಪ್ರಶ್ನೆ ಹುಟ್ಟಿತು. ಫಲಕದ ಕಥೆ ನಡೆದದ್ದು ಅಲ್ಲೇ.

ಈ ಉಪಕರಣಗಳ ದಾಖಲೆ ತೆರೆದರೆ ಮೊದಲು ಸಿಗುವ ಪದ ‘ಡ್ಯಾಗ್’. ಹೆದರಬೇಕಾಗಿಲ್ಲ. ತಾಮ್ರಶಾಸನದ ಆರಂಭದಲ್ಲಿ ಬರುವ ವಂಶಾವಳಿಯನ್ನು ನೆನಪಿಸಿಕೊಳ್ಳಿ. ಅಪ್ಪನಿಂದ ಮಗ, ಮಗನಿಂದ ಮೊಮ್ಮಗ. ಒಬ್ಬನಿಗೆ ಇಬ್ಬರು ಮಕ್ಕಳಿರಬಹುದು, ಆದರೆ ಯಾರೂ ತನ್ನ ಅಜ್ಜನಿಗೆ ತಾನೇ ತಂದೆಯಾಗಲಾರ. ಬಾಣಗಳು ಮುಂದಕ್ಕೇ ಹೋಗಬೇಕು, ಸುತ್ತಿಕೊಂಡು ಹಿಂದಕ್ಕೆ ಬರಬಾರದು. ಪಾಠದಿಂದ ಕಾಲ, ಕಾಲದಿಂದ ನಕ್ಷೆ: ನಮ್ಮ ಫೈಲುಗಳಿಗೂ ಇಂಥದ್ದೇ ವಂಶಾವಳಿ ಇದೆ. ಮೇಲೆ ಹೆಸರಿಸಿದ ಎಲ್ಲ ಉಪಕರಣಗಳೂ ಹೇಗೋ ಒಂದು ರೀತಿಯಲ್ಲಿ ಅದನ್ನು ಇಟ್ಟುಕೊಳ್ಳುತ್ತವೆ. ವ್ಯತ್ಯಾಸ ಇರೋದು ಆ ವಂಶಾವಳಿಯನ್ನು ನೋಡಿ ಅವು ಕೇಳುವ ಪ್ರಶ್ನೆಯಲ್ಲಿ. ‘ಎಷ್ಟು ಹೊತ್ತಿಗೆ ಓಡಿಸಬೇಕು?’ ಅಂತ ಕೆಲವು ಕೇಳ್ತವೆ. ‘ಯಾವ ಫೈಲು ಹಳಸಿದೆ?’ ಅನ್ನೋದು ಇನ್ನು ಕೆಲವುಗಳ ಪ್ರಶ್ನೆ. ನಾವು ಉಪಕರಣಗಳ ಸೌಲಭ್ಯದ ಪಟ್ಟಿ ಇಟ್ಟುಕೊಂಡು ಹೋಲಿಸುತ್ತಾ ಎರಡು ತಿಂಗಳು ಕಳೆದೆವು. ಈ ಒಂದು ವ್ಯತ್ಯಾಸ ಮೊದಲೇ ಹೊಳೆದಿದ್ದರೆ ಎರಡು ದಿನ ಸಾಕಿತ್ತು.

ಹಳಸಿದ ಫೈಲಿನ ಪ್ರಶ್ನೆ ಕೇಳಿದವರಲ್ಲಿ ಹಳಬ ‘ಮೇಕ್’. 1976ರಲ್ಲಿ ಬೆಲ್ ಲ್ಯಾಬ್ಸ್‌ನಲ್ಲಿ ಸ್ಟುವರ್ಟ್ ಫೆಲ್ಡ್‌ಮನ್ ಬರೆದದ್ದು. ಅದರ ಹುಟ್ಟಿನ ಕಥೆ ಕೇಳಿದಾಗ ನನಗೆ ಫಲಕವೇ ನೆನಪಾಯಿತು. ಅವರ ಸಹೋದ್ಯೋಗಿ ಸ್ಟೀವ್ ಜಾನ್ಸನ್ ಒಂದು ದಿನ ಬೈದುಕೊಳ್ಳುತ್ತಾ ಬಂದರಂತೆ. ತಮ್ಮ ಪ್ರೋಗ್ರಾಮಿನಲ್ಲಿದ್ದ ತಪ್ಪನ್ನು ಅವರು ಆಗಲೇ ತಿದ್ದಿದ್ದರು, ಆದರೆ ತಿದ್ದಿದ ಫೈಲನ್ನು ಮತ್ತೆ ಕಂಪೈಲ್ ಮಾಡಿರಲಿಲ್ಲ. ಹಾಗಾಗಿ ಸರಿಯಾಗಿಯೇ ಇದ್ದ ಪ್ರೋಗ್ರಾಮಿನಲ್ಲಿ ಇಲ್ಲದ ತಪ್ಪನ್ನು ಒಂದು ಬೆಳಗ್ಗೆ ಪೂರ್ತಿ ಹುಡುಕಿದ್ದರು. ಫೆಲ್ಡ್‌ಮನ್ ಕಂಡುಕೊಂಡ ಪರಿಹಾರ ಸರಳ: ಮಗನ ಫೈಲಿಗಿಂತ ಅಪ್ಪನ ಫೈಲು ಹೊಸದಾಗಿದ್ದರೆ, ಮಗ ಹಳಸಿದ್ದಾನೆ, ಮತ್ತೆ ಮಾಡು. ಐವತ್ತು ವರ್ಷವಾದರೂ ಇದಕ್ಕಿಂತ ಸೊಗಸಾದ ಉತ್ತರ ಬಂದಿಲ್ಲ ಅಂತ ನನ್ನ ಅಭಿಪ್ರಾಯ. ಮೇಕ್‌ನ ಬರವಣಿಗೆ ಮಾತ್ರ ಒರಟು. ಸಾಲಿನ ಮೊದಲಲ್ಲಿ ಟ್ಯಾಬ್ ಬದಲು ಸ್ಪೇಸ್ ಒತ್ತಿದರೆ ಮುನಿಸಿಕೊಳ್ಳುತ್ತದೆ. ಹೊಸಬರಿಗೆ ಇದನ್ನು ಕಲಿಸೋದು ಕಷ್ಟ.

ಲುಯಿಜಿಯನ್ನು ಸ್ಪಾಟಿಫೈ ಕಂಪನಿ 2012ರಲ್ಲಿ ಮುಕ್ತವಾಗಿ ಹೊರಬಿಟ್ಟಿತು. ನೋಡೋಕೆ ನಮಗೆ ಹೇಳಿ ಮಾಡಿಸಿದ ಹಾಗಿದೆ. ಪ್ರತಿ ಹಂತಕ್ಕೂ ಏನು ಬೇಕು, ಏನು ಹೊರಬರುತ್ತೆ ಅಂತ ಬರೆದರಾಯ್ತು. ಆದರೆ ಅದು ಸಹಜವಾಗಿ ನೋಡುವುದು ಹೊರಬರಬೇಕಾದ ಫೈಲು ಇದೆಯೋ ಇಲ್ಲವೋ ಎಂಬುದನ್ನಷ್ಟೆ. ಇದ್ದರೆ ಕೆಲಸ ಮುಗಿದಿದೆ ಎಂದೇ ಅರ್ಥ. ಪಾಠ ತಿದ್ದಿದ ಮೇಲೂ ಹಳೆಯ ಕಾಲದ ಪಟ್ಟಿ ಅಲ್ಲೇ ಕೂತಿರುತ್ತಲ್ಲ, ಲುಯಿಜಿ ಅದನ್ನು ನೋಡಿ ಸುಮ್ಮನಾಗುತ್ತದೆ. ದಿನದಿನದ ಹಾಡು ಕೇಳಿದ ದಾಖಲೆಗೆ ಇದು ಸರಿ, ನಿನ್ನೆಯ ದಾಖಲೆ ನಾಳೆ ಬದಲಾಗೋದಿಲ್ಲ. ನಮಗೆ ಇದೇ ಮುಳುವು. ಸ್ಪಾಟಿಫೈಯವರೂ ಆಮೇಲೆ ಇದನ್ನು ಬಿಟ್ಟು ಫ್ಲೈಟ್ ಎಂಬ ಬೇರೆ ಉಪಕರಣಕ್ಕೆ ಹೊರಳಿದರು.

ಇನ್ನು ಎಲ್ಲರ ಬಾಯಲ್ಲೂ ಇರುವ ಏರ್‌ಫ್ಲೋ. 2014ರಲ್ಲಿ ಏರ್‌ಬಿಎನ್‌ಬಿ ಕಂಪನಿಯೊಳಗೆ ಮ್ಯಾಕ್ಸಿಮ್ ಬೋಷೆಮಿನ್ ಶುರುಮಾಡಿದ್ದು, 2019ರಲ್ಲಿ ಅಪಾಚೆ ಸಂಸ್ಥೆಯ ಪೂರ್ಣ ಯೋಜನೆಯಾಯಿತು. ನಮ್ಮ ಗುಂಪಿನಲ್ಲಿ ಐಟಿ ಕೆಲಸದಲ್ಲಿರುವ ಹುಡುಗ ಮೊದಲು ತಂದಿದ್ದೂ ಇದನ್ನೇ, ಅವನ ಕಚೇರಿಯಲ್ಲಿ ಇದೇ ಇದೆ. ತಪ್ಪೇನಿಲ್ಲ, ಗೊತ್ತಿರೋ ದಾರಿಯಲ್ಲೇ ನಡೀಬೇಕು. ಪೈಥಾನ್‌ನಲ್ಲಿ ಬರೆದರಾಯಿತು, ಯಾವ ಹಂತ ಸೋತಿತು ಅಂತ ಕೆಂಪು ಹಸಿರು ಚೌಕಗಳಲ್ಲಿ ಕಾಣುತ್ತೆ, ಸೋತದ್ದನ್ನು ಮಾತ್ರ ಮತ್ತೆ ಓಡಿಸಬಹುದು. ಆದರೆ ಅದು ಕೇಳುವ ಮೂಲ ಪ್ರಶ್ನೆ ಗಡಿಯಾರದ್ದು. ಪ್ರತಿ ಓಟಕ್ಕೂ ಒಂದು ದಿನಾಂಕ ಅಂಟಿರುತ್ತದೆ.

ಆ ದಿನಾಂಕದ ವಿಷಯದಲ್ಲಿ ಶಾಸನ ಓದುವವರಿಗೆ ಒಂದು ಅನುಕೂಲವಿದೆ. ಏರ್‌ಫ್ಲೋದ 2ನೆಯ ಆವೃತ್ತಿಯವರೆಗೆ, ದಿನಕ್ಕೊಮ್ಮೆ ಓಡುವ ಸರಣಿಯಲ್ಲಿ ಜನವರಿ 1ರ ಹೆಸರಿನ ಓಟ ನಿಜವಾಗಿ ಶುರುವಾಗುತ್ತಿದ್ದದ್ದು ಜನವರಿ 1 ಮುಗಿದು 2 ಹುಟ್ಟಿದ ಮೇಲೆ. ತಂತ್ರಾಂಶದ ಹುಡುಗರು ಇದಕ್ಕೆ ತಲೆ ಕೆರೆದುಕೊಳ್ಳುತ್ತಾರೆ. ನಮಗೆ ಇದು ಗತವರ್ಷ ಮತ್ತು ಪ್ರವರ್ತಮಾನ ವರ್ಷದ ಹಳೇ ಜಗಳ ಅಷ್ಟೇ. ಕಳೆದುಹೋದ ವರ್ಷವನ್ನು ಎಣಿಸಿದನೋ, ನಡೆಯುತ್ತಿರುವ ವರ್ಷವನ್ನೋ ಅಂತ ಪ್ರತಿ ಶಾಸನದಲ್ಲೂ ಕೇಳಿಕೊಳ್ಳೋದು ನಮಗೆ ಅಭ್ಯಾಸವಾಗಿದೆಯಲ್ಲ. 2025ರಲ್ಲಿ ಬಂದ 3ನೆಯ ಆವೃತ್ತಿಯಲ್ಲಿ ಈ ಸಹಜ ನಡೆಯನ್ನು ಬದಲಿಸಿದ್ದಾರೆ. ಹಳೆಯ ಪಾಠಗಳನ್ನು ನೋಡಿಕೊಂಡು ಕಲಿಯುವವರು ಯಾವ ಆವೃತ್ತಿಯದು ಅಂತ ಮೊದಲು ನೋಡಿಕೊಳ್ಳಿ.

ನಾವು ಎಡವಿದ್ದೂ ದಿನಾಂಕದಲ್ಲೇ. ಸರಣಿಯ ಆರಂಭದ ದಿನಾಂಕ ಅಂತ ಒಂದು ಜಾಗ ಇತ್ತು. ನಮ್ಮ ಕೆಲಸ ಹತ್ತು ತಿಂಗಳ ಹಿಂದೆ ಶುರುವಾಗಿತ್ತಲ್ಲ, ಅಭಿಮಾನದಿಂದ ಆ ದಿನವನ್ನೇ ಹಾಕಿದೆವು. 2ನೆಯ ಆವೃತ್ತಿಯಲ್ಲಿ, ಬೇಡ ಅಂತ ಹೇಳದಿದ್ದರೆ, ಆರಂಭದಿಂದ ಇವತ್ತಿನವರೆಗಿನ ಬಾಕಿ ಓಟಗಳನ್ನೆಲ್ಲ ಅದು ತೀರಿಸಿಕೊಳ್ಳುತ್ತದೆ. ಆನ್ ಮಾಡಿ ಮಲಗಿದೆವು. ಬೆಳಗ್ಗೆ ನೋಡಿದರೆ ಮುನ್ನೂರು ಓಟಗಳು ಸಾಲಾಗಿ ನಿಂತು ಒಂದೇ ಪಾಠವನ್ನು ಮತ್ತೆ ಮತ್ತೆ ಓದುತ್ತಿದ್ದವು. ದಾಖಲೆ ಸರಿಯಾಗಿ ಓದದ್ದು ನಮ್ಮ ತಪ್ಪೇ. 3ರಲ್ಲಿ ಇದೂ ತಿರುವುಮುರುವಾಗಿದೆ, ಬೇಕು ಅಂತ ಹೇಳಿದರೆ ಮಾತ್ರ ಬಾಕಿ ತೀರಿಸುತ್ತೆ.

ಆದರೆ ನಾವು ಏರ್‌ಫ್ಲೋ ಬಿಟ್ಟಿದ್ದು ಆ ಎಡವಟ್ಟಿಗಲ್ಲ. ಶೆಡ್ಯೂಲರ್, ಜಾಲಪುಟದ ಸರ್ವರು, ಎಲ್ಲವನ್ನೂ ಬರೆದಿಡುವ ಡೇಟಾಬೇಸು, ಇವೆಲ್ಲ ಹಗಲೂ ರಾತ್ರಿ ಎದ್ದಿರಬೇಕು. ಡಾಕರ್‌ನಲ್ಲಿ ಹಾಕಿದರೆ ಕನಿಷ್ಠ 4 ಜಿಬಿ ಮೆಮೊರಿ ಕೊಡಿ ಅಂತ ಅವರ ದಾಖಲೆಯೇ ಹೇಳುತ್ತೆ. ನಮ್ಮ ಗಣಕದಲ್ಲಿರೋದು ಒಟ್ಟು 8. ಮೂರು ಆಯಾಮದ ಮಾದರಿ ಕಟ್ಟುವಾಗ ಅಷ್ಟೂ ಅದಕ್ಕೇ ಬೇಕು. ಅದಕ್ಕಿಂತ ದೊಡ್ಡ ಮಾತೆಂದರೆ, ನಮ್ಮ ಡೇಟಾ ದಿನಾ ಬರೋದಿಲ್ಲ. ಶಾಸನ ಎಂಟುನೂರು ವರ್ಷದ ಹಿಂದೆಯೇ ಬಂದಾಗಿದೆ! ಬದಲಾಗುವುದು ನಮ್ಮ ಓದು, ಅದೂ ಯಾರಿಗೋ ಒಂದು ಭಾನುವಾರ ಏನೋ ಹೊಳೆದಾಗ. 2022ರ 2.4 ಆವೃತ್ತಿಯಿಂದ ಏರ್‌ಫ್ಲೋ ಕೂಡ, ಈ ಡೇಟಾ ಬದಲಾದಾಗ ಆ ಸರಣಿ ಓಡಿಸು ಅನ್ನೋ ಸೌಲಭ್ಯ ಕೊಟ್ಟಿದೆ ನಿಜ. ಆದರೂ ನಾಲ್ಕುನೂರು ಕಲ್ಲುಗಳಲ್ಲಿ ಯಾವ ಒಂದು ಕಲ್ಲಿನ ಫೈಲು ಹಳಸಿತು ಅಂತ ಹುಡುಕೋದು ಅದರ ಸಹಜ ಗುಣ ಅಲ್ಲ. ಒಂದು ಇಲಾಖೆಯೋ ವಿಶ್ವವಿದ್ಯಾಲಯವೋ ಹತ್ತಾರು ಯೋಜನೆಗಳನ್ನು ಒಟ್ಟಿಗೆ ನಡೆಸುತ್ತಿದ್ದು, ಸರ್ವರು ನೋಡಿಕೊಳ್ಳಲು ಸಂಬಳದ ಮನುಷ್ಯರಿದ್ದರೆ, ಏರ್‌ಫ್ಲೋ ತಗೊಳ್ಳಿ ಅಂತಲೇ ನಾನೂ ಹೇಳ್ತೀನಿ.

ಪ್ರಿಫೆಕ್ಟ್ ಇನ್ನೊಂದು ಜಾತಿ. ಅದನ್ನು ಶುರುಮಾಡಿದ ಜೆರೆಮಯ ಲೋವಿನ್ ಮೊದಲು ಏರ್‌ಫ್ಲೋ ಬಳಗದಲ್ಲೇ ಇದ್ದವರು. ಇದ್ದ ಪೈಥಾನ್ ಕೆಲಸಗಳ ತಲೆಯ ಮೇಲೆ ಒಂದು ಗುರುತು ಹಾಕಿದರೆ ಸಾಕು, ಅದು ಪ್ರಿಫೆಕ್ಟ್‌ನ ಹಂತವಾಗುತ್ತದೆ. ಬರೆಯಲು ಇದಕ್ಕಿಂತ ಹಗುರವಾದದ್ದನ್ನು ನಾನು ನೋಡಿಲ್ಲ. ಊರಿನ ಹೆಸರಿಗೆ ಅಕ್ಷಾಂಶ ಹುಡುಕುವ ಹಂತದಲ್ಲಿ ಇದರ ಗುಣ ಕಾಣುತ್ತದೆ. ಓಪನ್‌ಸ್ಟ್ರೀಟ್‌ಮ್ಯಾಪ್‌ನ ನಾಮಿನಾಟಿಮ್ ಸಾರ್ವಜನಿಕ ಸೇವೆ, ಸೆಕೆಂಡಿಗೆ ಒಂದಕ್ಕಿಂತ ಹೆಚ್ಚು ಕೇಳಬೇಡಿ ಅನ್ನುತ್ತೆ. ನಡುವೆ ನೆಟ್ ಹೋಗುತ್ತೆ. ಇಷ್ಟು ಸಲ ಪ್ರಯತ್ನಿಸು, ನಡುವೆ ಇಷ್ಟು ಕಾಯಿ, ಸಿಕ್ಕಿದ್ದನ್ನು ನೆನಪಿಡು ಅಂತ ಒಂದೇ ಸಾಲಿನಲ್ಲಿ ಹೇಳಬಹುದು. ಆದರೆ ಫೈಲುಗಳ ವಂಶಾವಳಿ ಅದರ ಮನಸ್ಸಿನಲ್ಲಿ ಇರುವುದಿಲ್ಲ, ಕೆಲಸಗಳದ್ದು ಮಾತ್ರ ಇರುತ್ತೆ. ಇನ್ನೊಂದು ಹಿಂಜರಿಕೆ: ಮೊದಲ ಆವೃತ್ತಿಗೆ ಬರೆದವರು 2022ರ ಎರಡನೆಯದಕ್ಕೆ ಬಹುಮಟ್ಟಿಗೆ ಮತ್ತೆ ಬರೆಯಬೇಕಾಯಿತು. ಬಿಡುವಿನ ವೇಳೆಯಲ್ಲಿ ಕೆಲಸ ಮಾಡುವ ನಮ್ಮಂಥವರಿಗೆ ಅದು ಭಾರ.

ಡ್ಯಾಗ್‌ಸ್ಟರ್ ನನಗೆ ಮನಸ್ಸಿನಲ್ಲಿ ಉಳಿದದ್ದು. ಗ್ರಾಫ್‌ಕ್ಯೂಎಲ್ ಕಟ್ಟಿದವರಲ್ಲಿ ಒಬ್ಬರಾದ ನಿಕ್ ಶ್ರಾಕ್ ಇದರ ಹಿಂದಿದ್ದಾರೆ. ಇಲ್ಲಿ ಮುಖ್ಯ ಪಾತ್ರ ಕೆಲಸದ್ದಲ್ಲ, ವಸ್ತುವಿನದು. ಅವರು ಅದನ್ನು ಅಸೆಟ್ ಅನ್ನುತ್ತಾರೆ. ತಿದ್ದಿದ ಪಾಠ ಒಂದು ಅಸೆಟ್, ಕಾಲದ ಪಟ್ಟಿ ಒಂದು, ನಕ್ಷೆ ಒಂದು. ಯಾವುದು ಯಾವುದರಿಂದ ಹುಟ್ಟಿತು ಅನ್ನೋದು ಪರದೆಯ ಮೇಲೆ ಚಿತ್ರವಾಗಿ ಕಾಣುತ್ತದೆ. ಮೇಲಿನದು ಬದಲಾಗಿ ಕೆಳಗಿನದು ಬದಲಾಗದಿದ್ದರೆ ಅಲ್ಲೇ ಗುರುತು ಬೀಳುತ್ತದೆ. ಪ್ರತಿ ಶಾಸನವನ್ನೂ ಒಂದು ಪಾಲಾಗಿ ಮಾಡಿ, ಆ ಒಂದನ್ನೇ ಮತ್ತೆ ಮಾಡಿಸಬಹುದು. ಅಸೆಟ್ಟಿಗೆ ತಪಾಸಣೆಯನ್ನೂ ಕಟ್ಟಬಹುದು.

ತಪಾಸಣೆ ಅಂದಾಗ ಸಂವತ್ಸರದ ಲೆಕ್ಕ ಹೇಳಲೇಬೇಕು, ಉಪಕರಣ ಯಾವುದೇ ಆಗಿರಲಿ ಇದನ್ನು ನಿಮ್ಮ ಸರಣಿಗೆ ಸೇರಿಸಿಕೊಳ್ಳಿ. ಗತಶಕ ವರ್ಷಕ್ಕೆ 12 ಕೂಡಿಸಿ 60ರಿಂದ ಭಾಗಿಸಿ. ಉಳಿದ ಶೇಷವೇ ಪ್ರಭವದಿಂದ ಎಣಿಸಿದ ಸಂವತ್ಸರ. ಶೇಷ ಸೊನ್ನೆಯಾದರೆ ಅಕ್ಷಯ. ಬೇಲೂರಿನ ಕೇಶವನ ಪ್ರತಿಷ್ಠೆ ಶಕ 1039. ಹನ್ನೆರಡು ಸೇರಿಸಿದರೆ 1051, ಶೇಷ 31, ಅಂದರೆ ಹೇವಿಳಂಬಿ. ಶಾಸನವೂ ಹೇಮಲಂಬಿ ಎಂದೇ ಹೇಳುತ್ತದೆ. ನಮ್ಮ ವೀರಗಲ್ಲಿಗೆ 1093ಕ್ಕೆ ಹನ್ನೆರಡು ಸೇರಿಸಿ, ಶೇಷ 25, ಖರ. 1063 ಆಗಿದ್ದರೆ ಶೇಷ 55. ಈ ಮೂರು ಸಾಲಿನ ಲೆಕ್ಕ ಸರಣಿಯಲ್ಲಿ ಇದ್ದಿದ್ದರೆ ಹಳೆಯ ಓದು ನಕ್ಷೆಯವರೆಗೆ ಹೋಗುತ್ತಲೇ ಇರಲಿಲ್ಲ. ಒಂದು ವರ್ಷ ಹೆಚ್ಚುಕಡಿಮೆ ಬಂದರೆ ತಪ್ಪು ಎಂದು ತಳ್ಳಬೇಡಿ, ಪ್ರವರ್ತಮಾನ ವರ್ಷ ಇರಬಹುದು ಎಂದು ಬೇರೆ ಗುರುತು ಹಾಕಿ. ಇದಕ್ಕೂ ಸಿಗದ ತಪ್ಪು ಒಂದಿದೆ. ಹತ್ತರ ಸ್ಥಾನದ 1ನ್ನು 7 ಎಂದು ಓದಿದರೆ ವ್ಯತ್ಯಾಸ ಸರಿಯಾಗಿ 60, ಸಂವತ್ಸರ ಅದೇ ಬರುತ್ತದೆ. ಆಗ ಲಿಪಿಯನ್ನೇ ನೋಡಬೇಕು, ಗಣಕ ಕೈ ಎತ್ತುತ್ತದೆ.

ಡ್ಯಾಗ್‌ಸ್ಟರ್ ಅಷ್ಟು ಹಿಡಿಸಿದರೂ ನಾವು ಕೊನೆಗೆ ನಿಂತದ್ದು ಸ್ನೇಕ್‌ಮೇಕ್‌ನಲ್ಲಿ. 2012ರಲ್ಲಿ ಯೋಹಾನೆಸ್ ಕೋಸ್ಟರ್ ಮತ್ತು ಸ್ವೆನ್ ರಾಹ್‌ಮನ್ ಜೀವವಿಜ್ಞಾನದ ಡೇಟಾಗೆಂದು ಹೊರತಂದದ್ದು. ಮೇಕ್‌ನ ಬುದ್ಧಿ, ಪೈಥಾನ್‌ನ ಮೈ. ‘ಕಾಲ ತೆಗೆ’ ಅನ್ನೋ ಒಂದು ನಿಯಮ ಬರೆದು, ಶಾಸನದ ಸಂಖ್ಯೆ ಬರುವ ಜಾಗವನ್ನು ಖಾಲಿ ಬಿಟ್ಟರೆ, ಅದೇ ನಿಯಮ ನಾಲ್ಕುನೂರಕ್ಕೂ ಅನ್ವಯಿಸುತ್ತದೆ. ಪಾಠದ ಫೈಲು ಹೊಸದಾದರೆ ಆ ಶಾಸನದ ಮುಂದಿನ ಸಂತತಿಯನ್ನಷ್ಟೇ ಮತ್ತೆ ಮಾಡುತ್ತದೆ. ಫೈಲಷ್ಟೇ ಅಲ್ಲ, ನಿಯಮದೊಳಗಿನ ಕೋಡನ್ನು ಬದಲಿಸಿದರೂ ಈಗಿನ ಆವೃತ್ತಿಗಳು ಗಮನಿಸುತ್ತವೆ. ಎಲ್ಲಕ್ಕಿಂತ ನನಗೆ ಮೆಚ್ಚುಗೆಯಾದದ್ದು ಒಣ ಓಟ. ನಿಜವಾಗಿ ಏನೂ ಮಾಡದೆ, ಏನೇನು ಮಾಡಬೇಕಾಗುತ್ತೆ, ಯಾಕೆ, ಅಂತ ಪಟ್ಟಿ ಕೊಡುತ್ತದೆ. ಅಂದು ಈ ಪಟ್ಟಿ ಇದ್ದಿದ್ದರೆ ‘ಕಾಲದ ಪಟ್ಟಿ ಹಳಸಿದೆ, ನಕ್ಷೆ ಹಳಸಿದೆ’ ಎಂದು ಎರಡು ಸಾಲು ಕಾಣುತ್ತಿತ್ತು. ಸದಾ ಎದ್ದಿರುವ ಸರ್ವರೂ ಬೇಡ. ಕರೆದಾಗ ಬಂದು ಕೆಲಸ ಮುಗಿಸಿ ಹೋಗುತ್ತದೆ. ನೆಕ್ಸ್ಟ್‌ಫ್ಲೋ ಕೂಡ ಇದೇ ಜಗತ್ತಿನದು, ದೊಡ್ಡ ಕ್ಲಸ್ಟರುಗಳಲ್ಲಿ ಅದರ ಕೈ ಮೇಲು. ಆದರೆ ಅದರ ಬರವಣಿಗೆ ಗ್ರೂವಿ ಭಾಷೆಯ ಮೇಲೆ ನಿಂತಿದೆ. ನಮ್ಮಲ್ಲಿ ಅದು ಬಲ್ಲವರು ಯಾರೂ ಇಲ್ಲ.

ಕಣ್ಣಿಗೆ ಕಾಣುವ ಪರದೆ ಇಲ್ಲ ಅನ್ನೋದು ಸ್ನೇಕ್‌ಮೇಕ್‌ನ ನಿಜವಾದ ಕೊರತೆ. ಕಪ್ಪು ಟರ್ಮಿನಲ್ ಕಂಡರೆ ದೂರ ಸರಿಯುವ ಹಿರಿಯರು ನಮ್ಮಲ್ಲಿದ್ದಾರೆ. ಅವರಿಗೆ ನಾವು ಕೊಟ್ಟಿರೋದು ಪಾಠದ ಫೈಲು ಮಾತ್ರ, ತಿದ್ದಿ ಉಳಿಸಿದರೆ ಅವರ ಕೆಲಸ ಮುಗೀತು. ರಾತ್ರಿ ಎರಡು ಗಂಟೆಗೆ ಕ್ರಾನ್ ಎದ್ದು ಸ್ನೇಕ್‌ಮೇಕ್ ಅನ್ನು ಕರೆಯುತ್ತದೆ. ಹಳಸಿದ್ದಿಲ್ಲದಿದ್ದರೆ ಅದು ಏನೂ ಮಾಡದೆ ಹೋಗುತ್ತೆ. ಆ ಹೊತ್ತಿಗೆ ಕರೆಂಟು ಹೋಗಿದ್ದರೆ ಕ್ರಾನ್ ಆ ದಿನವನ್ನು ಮರೆತೇಬಿಡುತ್ತದೆ, ಆದರೆ ಮರುದಿನದ ಓಟ ಎರಡೂ ದಿನದ ತಿದ್ದುಪಡಿಯನ್ನು ಹಿಡಿಯುತ್ತೆ. ಗಡಿಯಾರವನ್ನು ನಂಬದೆ ಫೈಲನ್ನು ನಂಬಿದ್ದರ ಲಾಭ ಇದು.

ಎರಡು ಎಚ್ಚರಿಕೆಗಳನ್ನು ಮಾತ್ರ ಹೇಳಿಬಿಡ್ತೀನಿ. ಮೊದಲನೆಯದು ಗಿಟ್‌ನದು. ಗಿಟ್ ಫೈಲಿನ ಸಮಯವನ್ನು ಕಾಪಾಡುವುದಿಲ್ಲ. ಹೊಸ ಗಣಕಕ್ಕೆ ಎಲ್ಲವನ್ನೂ ಇಳಿಸಿಕೊಂಡರೆ ಪ್ರತಿ ಫೈಲೂ ಇವತ್ತೇ ಹುಟ್ಟಿದಂತೆ ಕಾಣುತ್ತದೆ, ಹಳಸಿದ್ದು ಯಾವುದು ಅನ್ನೋ ಲೆಕ್ಕ ತಲೆಕೆಳಗಾಗುತ್ತೆ. ಹಾಗೆ ಇಳಿಸಿಕೊಂಡ ಮೇಲೆ ಮೊದಲು ಒಣ ಓಟ ಮಾಡಿ ಪಟ್ಟಿ ನೋಡಿ. ಮಾದರಿ ಕಟ್ಟುವ ನಿಯಮ ನಾಲ್ಕುನೂರು ಸಲ ಕಂಡರೆ ಅಲ್ಲೇ ನಿಲ್ಲಿಸಿ, ಹಾಗೇ ಒಪ್ಪಿಕೊಂಡರೆ ಗಣಕ ವಾರಗಟ್ಟಲೆ ಬಿಡುವಿಲ್ಲದೆ ಓಡುತ್ತೆ.

ಎರಡನೆಯದು ಇನ್ನೂ ಗಂಭೀರ. ಮನುಷ್ಯ ಕೈಯಿಟ್ಟ ಫೈಲನ್ನು ಯಾವ ನಿಯಮದ ಹೊರಫಲವಾಗಿಯೂ ಇಡಬೇಡಿ. ಟೆಸರಾಕ್ಟ್ ಕೊಟ್ಟ ಪಾಠ ಒಂದು ಫೈಲು, ಅದನ್ನು ನಕಲು ಮಾಡಿಕೊಂಡು ತಿದ್ದಿದ ಪಾಠ ಇನ್ನೊಂದು ಫೈಲು. ಎರಡೂ ಒಂದೇ ಆಗಿದ್ದರೆ, ಯಾರೋ ಪುಟದ ಚಿತ್ರವನ್ನು ಸ್ವಲ್ಪ ನೇರ ಮಾಡಿ ಉಳಿಸಿದ ಕ್ಷಣವೇ ಉಪಕರಣ ತನ್ನ ಧರ್ಮ ಪಾಲಿಸುತ್ತದೆ: ಅಪ್ಪ ಹೊಸದಾದ, ಮಗನನ್ನು ಮತ್ತೆ ಮಾಡು. ಪಡಿಯಚ್ಚಿನ ಮುಂದೆ ವಾರಗಟ್ಟಲೆ ಕೂತು ತಿದ್ದಿದ ಪಾಠದ ಮೇಲೆ ಯಂತ್ರದ ಹಸಿ ಪಾಠ ಬಂದು ಕೂರುತ್ತದೆ. ಚಿತ್ರ ಬದಲಾದರೆ ನಮ್ಮ ಸರಣಿ ಈಗ ಮಾಡುವುದು ಇಷ್ಟೇ: ಹಸಿ ಪಾಠವನ್ನು ಹೊಸದಾಗಿ ತೆಗೆದು, ತಿದ್ದಿದ ಪಾಠಕ್ಕೂ ಅದಕ್ಕೂ ಎಲ್ಲೆಲ್ಲಿ ವ್ಯತ್ಯಾಸ ಇದೆ ಅಂತ ಒಂದು ಪಟ್ಟಿ ಹಾಕಿಡುತ್ತದೆ. ನೋಡುವುದು ಬಿಡುವುದು ಓದುಗರಿಗೆ ಸೇರಿದ್ದು. ಏರ್‌ಫ್ಲೋ, ಡ್ಯಾಗ್‌ಸ್ಟರ್, ಏನೇ ತಗೊಳ್ಳಿ, ಈ ಗೋಡೆಯನ್ನು ನೀವೇ ಕಟ್ಟಬೇಕು.

ನೀವು ಈಗಷ್ಟೇ ಶುರುಮಾಡುತ್ತಿದ್ದರೆ ಯಾವುದನ್ನೂ ಇನ್‌ಸ್ಟಾಲ್ ಮಾಡುವ ಮೊದಲು ಒಂದು ಹಾಳೆ ತಗೊಳ್ಳಿ. ನಿಮ್ಮ ಫೈಲುಗಳ ಹೆಸರು ಬರೆದು, ಯಾವುದರಿಂದ ಯಾವುದು ಹುಟ್ಟುತ್ತೆ ಅಂತ ಬಾಣ ಎಳೆಯಿರಿ. ಮನುಷ್ಯ ಮುಟ್ಟುವ ಫೈಲಿನ ಸುತ್ತ ಕೆಂಪು ವೃತ್ತ ಹಾಕಿ. ಆಮೇಲೆ ಒಂದು ಶಾಸನದ ಒಂದು ಅಂಕಿ ಬದಲಾಯಿತು ಅಂದುಕೊಂಡು ಬಾಣದ ಗುಂಟ ಬೆರಳು ಓಡಿಸಿ. ಬೆರಳು ಮುಟ್ಟಿದ ಫೈಲು ಎರಡೋ ಮೂರೋ ಆಗಿದ್ದು, ಶಾಸನ ಮೂವತ್ತೋ ನಲವತ್ತೋ ಇದ್ದರೆ, ಈ ಉಪಕರಣಗಳಲ್ಲಿ ಯಾವುದೂ ನಿಮಗೆ ಬೇಕಾಗಿಲ್ಲ, ಎಲ್ಲವನ್ನೂ ಮೊದಲಿಂದ ಓಡಿಸುವ ಒಂದು ಸ್ಕ್ರಿಪ್ಟೇ ಸಾಕು.

ಊರಿನ ಹುಡುಗರಿಗೆ ಫೋನು ಮಾಡಿ ವಿಷಯ ಹೇಳಿದ್ದೇನೆ. ಬೇಸರ ಮಾಡಿಕೊಳ್ಳಲಿಲ್ಲ. ಮೂವತ್ತು ವರ್ಷ ಕಮ್ಮಿ ಆಯ್ತಲ್ಲ ಸಾರ್, ಅಂತ ಒಬ್ಬ ಮಾತ್ರ ಗೊಣಗಿದ. ಯುಗಾದಿ ಕಳೆದ ಮೇಲೆ ಬಣ್ಣದವರನ್ನು ಕರೆಸಿ ಫಲಕ ತಿದ್ದಿಸುವುದಾಗಿ ಹೇಳಿದ್ದಾರೆ, ಖರ್ಚು ನಮ್ಮದು.